ನಿದ್ದೆಗೆಟ್ಟರೆ ಬಸಿರು ನಿಲ್ಲದೇ?

ಮದುವೆಯಾಗಿ ಎರಡು ವರ್ಷವಾದರೂ ಬಸಿರಾಗದ ಹೆಣ್ಣಿಗೆ ಬುದ್ಧಿ ಹೇಳುವವರಿಗೆ ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆ ಕಡೆಯೂ ಬರವಿಲ್ಲ, ಬೆಂಗಳೂರಿನಲ್ಲೂ ಬರವಿಲ್ಲ. ಹಳೆಯ ಹರಕೆ, ಪಥ್ಯಗಳ ಜೊತೆಗೆ ಈಗ ‘ರಾತ್ರಿಯೆಲ್ಲ ಮೊಬೈಲ್ ನೋಡಿ ನಿದ್ದೆಗೆಟ್ಟರೆ ಎಲ್ಲಿ ಮಕ್ಕಳಾದಾವು’ ಎಂಬುದೂ ಸೇರಿದೆ. ಇದರಲ್ಲಿ ವಿಜ್ಞಾನವೆಷ್ಟು, ಗದರಿಕೆಯೆಷ್ಟು?

ಈ ಶೋಧ ಶುರುವಾದದ್ದು ಇಲಿಗಳಿಂದ. 1950ರಲ್ಲಿ ಅಮೆರಿಕದ ಜಾನ್ ಎವರೆಟ್, ಚಾರ್ಲ್ಸ್ ಸಾಯರ್ ಎಂಬಿಬ್ಬರು ವಿಜ್ಞಾನಿಗಳು ಹೆಣ್ಣಿಲಿಗಳಿಗೆ ಮಧ್ಯಾಹ್ನ 2ಕ್ಕೆ ಮೊದಲೇ ಮಂಪರು ಬರಿಸುವ ಔಷಧ ಕೊಟ್ಟರು. ಆ ರಾತ್ರಿ ಬಿಡುಗಡೆಯಾಗಬೇಕಿದ್ದ ಅಂಡ ಮಂಪರು ಇಳಿದ ಮೇಲೂ ಬರಲಿಲ್ಲ, ಒಂದಿಡೀ ದಿನ ತಡೆದು ಬಂತು. ಮಿದುಳು ಅಪ್ಪಣೆ ಕೊಡುವುದು ದಿನದ ಒಂದೇ ಹೊತ್ತಿನಲ್ಲಿ. ಅದು ತಪ್ಪಿದರೆ ಮರುದಿನ ಅದೇ ಹೊತ್ತಿಗೆ. ಆ ಹೊತ್ತನ್ನು ಕಾಯುವ ನರಗುಚ್ಛ 1972ರಲ್ಲಿ ಗುರುತಿಗೆ ಸಿಕ್ಕಿತು.

ಇಲಿಗೆ ನಿಜವಾದದ್ದು ಹೆಣ್ಣಿಗೂ ನಿಜವಾಗಬೇಕೆಂದಿಲ್ಲ. ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರಕ್ಕೆ ಬಂದು ನೆಲೆಸಿದ ವಿಜ್ಞಾನಿ ಎಂ.ಕೆ. ಚಂದ್ರಶೇಖರನ್, ಮಧುರೈಯಲ್ಲಿದ್ದಾಗ ಗಡಿಯಾರ, ಬಿಸಿಲು, ಮಾತುಕತೆ ಯಾವುದೂ ಇಲ್ಲದ ಕೋಣೆಯಲ್ಲಿ ಸ್ವಯಂಸೇವಕರನ್ನು ಇರಿಸಿ ಅಧ್ಯಯನ ಮಾಡುತ್ತಿದ್ದರು. ಅಲ್ಲಿದ್ದ ಒಬ್ಬ ಮಹಿಳೆಯ ಮುಟ್ಟಿನ ಚಕ್ರ ಆಕೆಯ ನಿದ್ದೆ-ಎಚ್ಚರದ ಲಯಕ್ಕೆ ಕಟ್ಟುಬಿದ್ದಿಲ್ಲ ಎಂದು 1991ರಲ್ಲಿ ಅವರ ತಂಡ ವರದಿ ಮಾಡಿತು. ಒಬ್ಬಳೇ ಹೆಣ್ಣಿನ ಮೇಲಿನ ಪ್ರಯೋಗ, ಹೌದು. ಆದರೂ ಇಲಿಯ ಲೆಕ್ಕವನ್ನು ನೇರವಾಗಿ ನಮ್ಮ ಮೇಲೆ ಹೇರುವವರಿಗೆ ಅದೊಂದು ತಡೆ.

ಆಮೇಲೆ ಬಂದವು ಅಮೆರಿಕದ ನರ್ಸ್‌ಗಳ ದೊಡ್ಡ ಅಧ್ಯಯನಗಳು. 71,077 ನರ್ಸ್‌ಗಳ ಮಾಹಿತಿ ನೋಡಿದ 2011ರ ವರದಿಯಲ್ಲಿ, ಎರಡು ವರ್ಷದಲ್ಲಿ 20 ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಸರದಿ ರಾತ್ರಿ ಪಾಳಿ ಮಾಡಿದವರಲ್ಲಿ ಮುಟ್ಟಿನ ಏರುಪೇರು ಶೇ 23ರಷ್ಟು ಹೆಚ್ಚು ಕಂಡಿತು. ಮುಟ್ಟು ಹಿಂದುಮುಂದಾಯಿತು, ಸರಿ, ಬಸಿರಾಗಲು ತಡವಾಯಿತೇ? 2015ರ ಇನ್ನೊಂದು ಅಧ್ಯಯನದಲ್ಲಿ ರಾತ್ರಿ ಪಾಳಿಗೂ ತಡಕ್ಕೂ ನಂಟು ಸಿಗಲಿಲ್ಲ. ನಂಟು ಸಿಕ್ಕಿದ್ದು ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ, ದಿನಕ್ಕೆ ಹಲವು ಸಲ ಭಾರ ಎತ್ತುವುದಕ್ಕೆ.

ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ನಮ್ಮ ಸೀಮೆಗೆ ತಾಕುವ ಮಾತು ಇದೇ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ನಸುಕಿಗೇ ಎದ್ದು ಸಗಣಿ ಬಾಚಿ, ಹಾಲು ಕರೆದು ಡೇರಿಗೆ ಹಾಕಿ, ಹೊಲದಿಂದ ಹುಲ್ಲಿನ ಹೊರೆ ಹೊತ್ತು ತರುವ ಹೆಣ್ಣಿಗೆ ವಾರದ 40 ಗಂಟೆ ಗುರುವಾರಕ್ಕೇ ಮುಗಿದಿರುತ್ತದೆ. ಆಕೆಯನ್ನು ಆ ನರ್ಸ್‌ಗಳ ಅಧ್ಯಯನ ಎಣಿಸಿಲ್ಲ. ಇನ್ನು ನಮ್ಮಲ್ಲಿನ ರಾತ್ರಿ ಪಾಳಿಯ ಮಾತು. ಕಾರ್ಖಾನೆಗಳಲ್ಲಿ ಹೆಂಗಸರ ರಾತ್ರಿ ಪಾಳಿಗೆ ಕರ್ನಾಟಕ ಸರ್ಕಾರ ಅನುಮತಿ ಕೊಟ್ಟದ್ದು 2019ರ ನವೆಂಬರ್‌ನಲ್ಲಿ. ಆಗ ಮುಖ್ಯಮಂತ್ರಿಯಾಗಿದ್ದವರು ಬೂಕನಕೆರೆಯಲ್ಲೇ ಹುಟ್ಟಿದ ಯಡಿಯೂರಪ್ಪ. ಸಾರಿಗೆ, ಭದ್ರತೆಯ ಷರತ್ತುಗಳು ಬಂದವು. ಪಾಳಿ ಬದಲಾದಾಗ ಮುಟ್ಟು ಏನಾಗುತ್ತದೆ ಎಂದು ಬರೆದಿಡುವ ಪುಸ್ತಕವೂ ಜೊತೆಗೆ ಬರಬೇಕಿತ್ತು.

ಪಿಸಿಓಎಸ್‌ನ ವಿಷಯ ಬೇರೆ. ಅಂಡಾಶಯಕ್ಕೆ ಸಂಬಂಧಿಸಿದ, ಮುಟ್ಟು ತಪ್ಪಿಸುವ ಈ ತೊಂದರೆ ಇರುವವರಲ್ಲಿ ಗೊರಕೆಯೊಂದಿಗೆ ಉಸಿರುಗಟ್ಟುವ ನಿದ್ರಾಶ್ವಾಸಬಂಧ ಹೆಚ್ಚು ಎಂಬುದು 2001ರಿಂದ ಮತ್ತೆ ಮತ್ತೆ ದೃಢಪಟ್ಟಿದೆ. ಮುಟ್ಟು ತಪ್ಪುತ್ತಿದ್ದು, ಹಗಲೆಲ್ಲ ತೂಕಡಿಕೆಯೂ ಇದ್ದರೆ ಎರಡನ್ನೂ ವೈದ್ಯರಿಗೆ ಒಟ್ಟಿಗೇ ಹೇಳಬೇಕು. ಒಂದು ವರ್ಷ, ವಯಸ್ಸು 35 ದಾಟಿದ್ದರೆ ಆರು ತಿಂಗಳು ಕಾದು ತಪಾಸಣೆಗೆ ಹೋಗುವುದು ರೂಢಿ. ಹೋಗುವಾಗ ಗಂಡನೂ ಜೊತೆಗಿರಲಿ; ವೀರ್ಯ ಪರೀಕ್ಷೆಗೆ ಸೂಜಿಯೂ ಬೇಡ, ಮಂಪರೂ ಬೇಡ.