ಭೂದೃಶ್ಯ ಛಾಯಾಗ್ರಹಣದಲ್ಲಿ ಬಹು ಎಕ್ಸ್‌ಪೋಷರ್ ಮತ್ತು ಬಹು ಫೋಕಸ್

ಕಣ್ಣು ಭೂದೃಶ್ಯವನ್ನು ಒಮ್ಮೆಗೇ ನೋಡುವುದಿಲ್ಲ. ಕಾಲಬುಡದ ಕಲ್ಲಿನಿಂದ ಬಾನಂಚಿಗೆ ದೃಷ್ಟಿ ಹೊರಳುವಾಗ ಕಣ್ಣಿನ ಮಸೂರವೂ ಪಾಪೆಯೂ ತಾವಾಗಿಯೇ ಹೊಂದಿಕೊಳ್ಳುತ್ತವೆ. ಕ್ಯಾಮೆರಾಕ್ಕಾದರೋ ಒಂದು ಕ್ಲಿಕ್ಕಿಗೆ ಒಂದೇ ದೂರ, ಒಂದೇ ಅಳತೆಯ ಬೆಳಕು. ಈ ಕೊರತೆಯನ್ನು ಹಲವು ಚಿತ್ರಗಳ ಸಂಯೋಜನೆಯಿಂದ ತುಂಬಿಕೊಳ್ಳುವ ಯತ್ನ ಕಂಪ್ಯೂಟರಿಗಿಂತ ಬಹಳ ಹಳೆಯದು. 1850ರ ದಶಕದ ಕೊಲೋಡಿಯನ್ ಫಲಕಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ, ನೆಲಕ್ಕೆ ಹೊಂದಿಸಿದರೆ ಆಕಾಶ ಬರಿಯ ಬಿಳುಪಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856–57ರ ಸುಮಾರಿಗೆ ಕೆಲವು ಕಡಲ ಚಿತ್ರಗಳಲ್ಲಿ ನೀರಿಗೊಂದು, ಮೋಡಕ್ಕೊಂದು ನೆಗೆಟಿವ್ ಬಳಸಿ, ಬಾನಂಚಿನ ಗೆರೆಯಲ್ಲಿ ಅವನ್ನು ಕೂಡಿಸಿ ಮುದ್ರಿಸಿದನು.

ನಮ್ಮ ಡೆಸ್ ಪ್ಲೇನ್ಸ್‌ನಿಂದ ಪೂರ್ವಕ್ಕೆ ಹೊರಟರೆ ಮಿಚಿಗನ್ ಸರೋವರ. ಕರಾವಳಿ ಕನ್ನಡಿಗರು ಸೂರ್ಯ ನೀರಿಗಿಳಿಯುವುದನ್ನು ನೋಡುತ್ತ ಬೆಳೆದವರು. ಇಲ್ಲಿ ಅವನು ನೀರಿನಿಂದಲೇ ಏಳುತ್ತಾನೆ. ದಿಕ್ಕು ಬೇರೆಯಾದರೂ ತೊಡಕು ಒಂದೇ: ಎದುರಿಗೆ ಉರಿಯುವ ಆಕಾಶ, ಕಾಲಬಳಿ ಕಪ್ಪು ಬಂಡೆ.

ಮೊದಲು ಫೋಕಸ್ಸಿನ ಲೆಕ್ಕ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸನ್ನು ಎಫ್/11ರಲ್ಲಿಟ್ಟು ಸುಮಾರು 1.8 ಮೀಟರಿಗೆ ಫೋಕಸ್ ಮಾಡಿದರೆ, 90 ಸೆಂ.ಮೀ.ನಿಂದ ಅನಂತದವರೆಗೆ ಒಪ್ಪಬಹುದಾದ ಸ್ಪಷ್ಟತೆ ದೊರೆಯುತ್ತದೆ. ಬಂಡೆ 40 ಸೆಂ.ಮೀ. ದೂರದಲ್ಲಿದ್ದರೆ ಇದು ಸಾಲದು. ಎಫ್/22ಕ್ಕೆ ಇಳಿಸಿದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಆದುದರಿಂದ ಹತ್ತಿರ, ನಡು, ದೂರ ಎಂದು ಮೂರು ಫೋಕಸ್. ಒಂದೊಂದಕ್ಕೂ ಎರಡೆರಡು ಸ್ಟಾಪ್ ಅಂತರದ ಮೂರು ಎಕ್ಸ್‌ಪೋಷರ್. ಒಟ್ಟು ಒಂಬತ್ತು.

ನನ್ನ ಅಭಿಪ್ರಾಯದಲ್ಲಿ ಐದು ಸಾಕು. ಹತ್ತಿರದ ಫೋಕಸ್ಸಿನಲ್ಲಿ ಆಕಾಶ ಹೇಗೂ ಮಸುಕಾಗಿರುತ್ತದೆ. ಅದಕ್ಕಾಗಿ ಕಪ್ಪು ಎಕ್ಸ್‌ಪೋಷರ್ ತೆಗೆಯುವುದು ವ್ಯರ್ಥ. ಬಂಡೆಗೆ ಎರಡು, ನಡುವಿಗೆ ಒಂದು, ದೂರಕ್ಕೆ ಎರಡು. ಉಳಿತಾಯವಾಗುವುದು ಸಮಯ, ಮತ್ತು ಸೂರ್ಯೋದಯದಲ್ಲಿ ಬೆಳಕು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಬದಲಿಸಬೇಕಾದದ್ದು ಶಟರ್ ವೇಗವನ್ನು ಮಾತ್ರ. ಅಪರ್ಚರ್ ಬದಲಿಸಿದರೆ ಸ್ಪಷ್ಟತೆಯ ಆಳವೂ ಬದಲಾಗಿ ಲೆಕ್ಕವೆಲ್ಲ ಕೆಡುತ್ತದೆ. ಫೋಕಸ್ ತಿರುಗಿಸಿದಾಗ ಚೌಕಟ್ಟು ತುಸು ಹಿಗ್ಗಿ ಕುಗ್ಗುವುದುಂಟು. ಅಂಚಿನಲ್ಲಿ ಜಾಗ ಬಿಟ್ಟಿರಬೇಕು.

ಜೋಡಣೆಯ ಕ್ರಮವೂ ಮುಖ್ಯ: ಒಂದೇ ಫೋಕಸ್ಸಿನ ಎಕ್ಸ್‌ಪೋಷರ್‌ಗಳನ್ನು ಮೊದಲು ಕೂಡಿಸಿ, ಬಳಿಕ ಫೋಕಸ್‌ಗಳನ್ನು ಕೂಡಿಸಬೇಕು. ಮರ್ಟೆನ್ಸ್, ಕೌಟ್ಸ್ ಮತ್ತು ವಾನ್ ರೀತ್ 2007ರಲ್ಲಿ ಮಂಡಿಸಿದ ಎಕ್ಸ್‌ಪೋಷರ್ ಫ್ಯೂಷನ್ ವಿಧಾನ ಪ್ರತಿ ಬಿಂದುವನ್ನೂ ಕಾಂಟ್ರಾಸ್ಟ್, ವರ್ಣಸಾಂದ್ರತೆ, ಹದವಾದ ಬೆಳಕು ಎಂಬ ಮೂರು ಗುಣಗಳಿಂದ ತೂಗುತ್ತದೆ. ತೂಕವನ್ನು ಕಾಂಟ್ರಾಸ್ಟ್‌ಗೆ ಮಾತ್ರ ಕೊಟ್ಟರೆ ಅದೇ ಯಂತ್ರ ಫೋಕಸ್ ಜೋಡಣೆಗೂ ಒದಗುತ್ತದೆ. ಸೋಲುವುದು ಚಲನೆಯ ಮುಂದೆ. ಡೆಸ್ ಪ್ಲೇನ್ಸ್ ನದಿದಂಡೆಯ ಜೊಂಡು ಗಾಳಿಗೆ ಅಲುಗಿದರೆ ಒಂದೊಂದು ಗರಿಯೂ ಎರಡೆರಡಾಗಿ ಮೂಡುತ್ತದೆ. ಅಲೆಗಳಿಗೂ ಜೊಂಡಿಗೂ ಒಂದೇ ಚಿತ್ರವನ್ನು ಆರಿಸಿ, ಮಾಸ್ಕ್ ಮೂಲಕ ಕೈಯಿಂದಲೇ ಕೂಡಿಸುವುದೇ ಲೇಸು.

ಇದು ಛಾಯಾಚಿತ್ರವೇ, ಕಟ್ಟುಕತೆಯೇ? ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರನ್ನು ಕಂಡ ಬೆಂಗಳೂರಿನ ಛಾಯಾಗ್ರಾಹಕ ವಲಯಕ್ಕೆ ಈ ಪ್ರಶ್ನೆ ಹಗುರವಾದುದಲ್ಲ. ಅಂತರರಾಷ್ಟ್ರೀಯ ಸಲಾನ್‌ಗಳ ಪ್ರಕೃತಿ ವಿಭಾಗದ ನಿಯಮ ಎಚ್‌ಡಿಆರ್ ಮತ್ತು ಫೋಕಸ್ ಸ್ಟ್ಯಾಕಿಂಗ್‌ಗೆ ಅವಕಾಶ ಕೊಡುತ್ತದೆ. ದೃಶ್ಯಕ್ಕೆ ಏನನ್ನಾದರೂ ಸೇರಿಸುವುದನ್ನೂ ಅದರಿಂದ ತೆಗೆಯುವುದನ್ನೂ ನಿಷೇಧಿಸುತ್ತದೆ. ಒಂದೇ ಮೋಡದ ನೆಗೆಟಿವನ್ನು ಬೇರೆ ಬೇರೆ ಕಡಲುಗಳ ಮೇಲೆ ಮುದ್ರಿಸಿದ ಲ ಗ್ರೇ ಅಲ್ಲಿ ಅನರ್ಹನಾಗುತ್ತಿದ್ದ. ಸ್ಪರ್ಧೆಗೆ ಕಳಿಸುವವರು ಮೂಲ ರಾ ಫೈಲುಗಳನ್ನೆಲ್ಲ ಕಾದಿಟ್ಟುಕೊಳ್ಳಬೇಕು, ತೀರ್ಪುಗಾರರು ಕೇಳಬಹುದು.