ಐದೂವರೆ ಲಕ್ಷ ಯೆನ್‌ನ ಹುಡುಗ

1963ರ ಜನವರಿ 1ರ ಸಂಜೆ ಜಪಾನಿನ ಫ್ಯೂಜಿ ಟಿವಿಯಲ್ಲಿ ಕಾಲಿನಿಂದ ಬೆಂಕಿ ಉಗುಳುತ್ತಾ ಹಾರುವ ರೋಬೋ ಹುಡುಗನೊಬ್ಬ ಕಾಣಿಸಿಕೊಂಡ. ಹೆಸರು ಆಟಮ್. ನಮಗೆಲ್ಲ ಗೊತ್ತಿರೋದು 'ಆಸ್ಟ್ರೋ ಬಾಯ್' ಅಂತ. ಅವನ ಸೃಷ್ಟಿಕರ್ತ ಒಸಾಮು ತೆಜುಕಾ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ಕುತೂಹಲ ಇರೋದು ಅವರು ಚಾನೆಲ್ಲಿಗೆ ಕೊಟ್ಟ ಕೊಟೇಶನ್ ಬಗ್ಗೆ.

ಅರ್ಧ ಗಂಟೆಯ ಒಂದು ಕಂತಿಗೆ 5.5 ಲಕ್ಷ ಯೆನ್! ಆಗ ಡಾಲರಿಗೆ 360 ಯೆನ್, ಅಂದ್ರೆ ಸುಮಾರು 1,500 ಡಾಲರ್. ತಗಲುತ್ತಿದ್ದ ಖರ್ಚು ಇದಕ್ಕಿಂತ ಎಷ್ಟೋ ಹೆಚ್ಚು. ಅಷ್ಟು ಕಡಿಮೆಗೆ ಒಪ್ಪಿದರೆ ಬೇರೆ ಯಾರೂ ಈ ಕಡೆ ತಲೆ ಹಾಕಲ್ಲ ಅನ್ನೋ ಲೆಕ್ಕಾಚಾರವೂ ಇತ್ತಂತೆ. ಪ್ರಾಜೆಕ್ಟ್ ಗಿಟ್ಟಿಸಲು ನಮ್ಮ ಫೀಲ್ಡಿನಲ್ಲೂ ಹೀಗೆ ನಷ್ಟಕ್ಕೆ ಕೋಟ್ ಮಾಡೋರಿದ್ದಾರೆ. ಆಮೇಲೆ ರಾತ್ರಿಯೆಲ್ಲ ಕೂರೋದು ಯಾರು ಅಂತ ಬೇರೆ ಹೇಳಬೇಕಿಲ್ಲ.

ಆ ದುಡ್ಡಿಗೆ ತಕ್ಕಂತೆ ಕೆಲಸವನ್ನೂ ಕತ್ತರಿಸಿದರು. ಸೆಕೆಂಡಿಗೆ 24 ಫ್ರೇಮ್ ಓಡಬೇಕು. ಒಂದೇ ಚಿತ್ರವನ್ನು ಮೂರು ಸಲ ತೆಗೆದರೆ 8 ಚಿತ್ರ ಸಾಕು. ಮಾತಾಡುವಾಗ ಬಾಯಿ ಮಾತ್ರ ಅಲುಗಲಿ, ಮುಖ ಹಾಗೇ ಇರಲಿ. ಆಟಮ್ ಹಾರುವ ದೃಶ್ಯವನ್ನು ಎತ್ತಿಟ್ಟುಕೊಂಡು ಮುಂದಿನ ಕಂತುಗಳಲ್ಲೂ ಬಳಸೋದು. ಅಪ್ಪಟ ಕೋಡ್ ರೀಯೂಸ್!

ಉಳಿದ ನಷ್ಟ ತುಂಬಿದ್ದು ಬೇರೆ ಕಡೆಯಿಂದ. ಪ್ರಾಯೋಜಕ ಮೆಯ್ಜಿ ಕಂಪನಿ ಮಾರ್ಬಲ್ ಚಾಕೊಲೇಟ್ ಜೊತೆ ಆಟಮ್ ಸ್ಟಿಕ್ಕರ್ ಕೊಟ್ಟಿತು, ಮಕ್ಕಳು ಮುಗಿಬಿದ್ದರು. ಆಟಿಕೆ, ಬಟ್ಟೆ, ಪುಸ್ತಕ ಎಲ್ಲದರ ಮೇಲೂ ಆಟಮ್ ಬಂದ. ಅದೇ ವರ್ಷ ಅಮೆರಿಕದ ಎನ್‌ಬಿಸಿಯ ವಿತರಣಾ ಶಾಖೆ 52 ಕಂತುಗಳನ್ನು ತಲಾ 10,000 ಡಾಲರಿಗೆ ಕೊಂಡಿತು. ಯೆನ್ ಲೆಕ್ಕದಲ್ಲಿ 36 ಲಕ್ಷ, ಅಂದ್ರೆ ತವರಿನ ಬೆಲೆಯ ಆರೂವರೆ ಪಟ್ಟು!

1964ರ ಜನವರಿಯಲ್ಲಿ ಒಂದು ಕಂತಿನ ರೇಟಿಂಗ್ ಶೇ. 40 ದಾಟಿತು. ಸ್ಪರ್ಧಿಗಳು ಹೆದರಿ ಓಡಿದರಾ? ಇಲ್ಲ. 1963 ಮುಗಿಯುವ ಮೊದಲೇ 'ಟೆಟ್ಸುಜಿನ್ 28', 'ಎಯ್ಟ್ ಮ್ಯಾನ್', 'ವುಲ್ಫ್ ಬಾಯ್ ಕೆನ್' ಬಂದಿದ್ದವು. ಸಂತೆಯಲ್ಲಿ ಮೊದಲು ಬಂದವನು ಕೂಗಿದ ರೇಟೇ ಆ ದಿನದ ರೇಟು ಆಗೋ ಹಾಗೆ, ಚೌಕಾಸಿಗೆ ಕೂತವರ ಬಾಯಲ್ಲಿ ಆಟಮ್‌ನ ದರ. ಜಾಹೀರಾತು ಏಜೆನ್ಸಿ ತೆಜುಕಾಗೆ ಒಳಗೊಳಗೇ ಇನ್ನಷ್ಟು ಹಣ ಸೇರಿಸಿ ಕೊಡ್ತಿತ್ತು ಅಂತ ನಂತರದ ಸಂಶೋಧಕರು ಹೇಳ್ತಾರೆ. ಆದರೆ ಊರಿಗೆಲ್ಲ ಕೇಳಿಸಿದ್ದು ಐದೂವರೆ ಲಕ್ಷ ಮಾತ್ರ.

1989ರಲ್ಲಿ ತೆಜುಕಾ ತೀರಿಕೊಂಡಾಗ ಹಯಾವೊ ಮಿಯಾಜಾಕಿ ಇದೇ ದರವನ್ನು ಎತ್ತಿ ಕಟುವಾಗಿ ಟೀಕಿಸಿದರು: ಅನಿಮೇಷನ್‌ಗೆ ಕಡಿಮೆ ದುಡ್ಡು ಅನ್ನೋ ಪದ್ಧತಿ ಶುರುವಾಗಿದ್ದೇ ಅಲ್ಲಿಂದ ಅಂತ. ತಪ್ಪೆಲ್ಲ ಕೇಳಿದವರದ್ದೇ ಅನ್ನೋದು ನನಗೆ ಒಪ್ಪಿಗೆಯಿಲ್ಲ. ಕೊಟ್ಟವರೂ ಕೂತು ಲೆಕ್ಕ ಹಾಕಿಯೇ ಕೊಟ್ಟಿದ್ದು. ತೆಜುಕಾ ಕಟ್ಟಿದ ಮುಶಿ ಪ್ರೊಡಕ್ಷನ್ ಅವರು ಬಿಟ್ಟ ಮೇಲೆ, 1973ರಲ್ಲಿ ದಿವಾಳಿಯಾಯಿತು. ಜಪಾನಿನಲ್ಲಿ ನಡುವಿನ ಚಿತ್ರ ಬಿಡಿಸುವ ಎಷ್ಟೋ ಹುಡುಗ ಹುಡುಗಿಯರಿಗೆ ಈಗಲೂ ಸಂಬಳವಿಲ್ಲ, ಚಿತ್ರಕ್ಕಿಷ್ಟು ಅಂತ ಕೂಲಿ.