‘ಇದ್ದ’ ಅನ್ನುವುದಕ್ಕೂ ‘ಇದ್ದನಂತೆ’ ಅನ್ನುವುದಕ್ಕೂ ಇರುವ ಅಂತರ

ಕಥೆ ಅನ್ನುವ ಪದವನ್ನು ನಾವು ಹೊಗಳುವುದಕ್ಕಿಂತ ಬೈಯುವುದಕ್ಕೇ ಹೆಚ್ಚು ಬಳಸುತ್ತೇವೆ. ಸಾಲ ತೀರಿಸದವನು ಕಾರಣ ಹೇಳಿದರೆ ‘ಕಾಗಕ್ಕ ಗುಬ್ಬಕ್ಕನ ಕಥೆ ಬೇಡ’ ಅನ್ನುತ್ತೇವೆ. ಮಾತು ಉದ್ದವಾದರೆ ‘ನಿನ್ನ ಪುರಾಣ ಸಾಕು’. ನಂಬಿಕೆ ಬಾರದಿದ್ದರೆ ‘ಬರೀ ಕಟ್ಟುಕಥೆ’. ಆದರೆ ಈ ಪದಗಳೆಲ್ಲ ಒಂದೇ ಅಲ್ಲ. ಹಳೇಬೀಡಿನ ಪಕ್ಕದ ಹುಲಿಕೆರೆಯಂಥ ಊರುಗಳಲ್ಲಿ ಇರುವ ನಾವು ಈ ವ್ಯತ್ಯಾಸ ತಿಳಿದಿರಲೇಬೇಕು. ಯಾಕೆಂದರೆ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಬಂದವರು ಕಥೆ ಕೇಳುತ್ತಾರೆ. ನಾವು ಹೇಳಿದ್ದೇ ಅವರಿಗೆ ಇತಿಹಾಸ.

ಮೊದಲು ಅಜ್ಜಿಕಥೆ. ‘ಒಂದೂರಲ್ಲಿ ಒಬ್ಬ ರಾಜ’ ಎಂದು ಶುರುವಾಗುತ್ತದೆ. ಯಾವ ಊರು, ಯಾವ ರಾಜ ಎಂದು ಯಾರೂ ಕೇಳುವುದಿಲ್ಲ. ಕನ್ನಡದ ಜನಪದ ಕಥೆಗಳನ್ನು ಸಂಗ್ರಹಿಸಿ ಜಗತ್ತಿಗೆ ತೋರಿಸಿದ ಮೈಸೂರಿನ ಎ.ಕೆ. ರಾಮಾನುಜನ್ ಇದನ್ನು ಗಮನಿಸಿದ್ದರು. ಅಡುಗೆಮನೆಯಲ್ಲಿ, ಮಕ್ಕಳಿಗೆ ಅನ್ನ ತಿನ್ನಿಸುವಾಗ ಹೇಳುವ ಕಥೆಗಳಲ್ಲಿ ಸಾಮಾನ್ಯವಾಗಿ ಹೆಸರುಗಳೇ ಇರುವುದಿಲ್ಲ. ಹೆಸರಿಲ್ಲದ್ದರಿಂದಲೇ ಆ ಸೊಸೆ ಯಾರ ಮನೆಯ ಸೊಸೆಯಾದರೂ ಆಗಬಹುದು.

ಐತಿಹ್ಯ ಹಾಗಲ್ಲ. ಅದಕ್ಕೆ ಊರು ಬೇಕು, ಹೆಸರು ಬೇಕು, ಬೆರಳು ಮಾಡಿ ತೋರಿಸಲು ಒಂದು ಕಲ್ಲೋ ಕೆರೆಯೋ ಬೇಕು. ‘ಇತಿ ಹ’ ಅಂದರೆ ‘ಹೀಗಂತೆ’ ಎಂಬರ್ಥದ ಸಂಸ್ಕೃತ ಮಾತಿನಿಂದ ಈ ಪದ ಬಂದಿದೆ. ಇತಿಹಾಸ ಪದವೂ ಅದೇ ಬೇರಿನದು, ‘ಹೀಗೆಯೇ ಇತ್ತು’ ಎಂದು ಅದರ ಅರ್ಥ. ಎರಡೂ ಒಂದೇ ಮನೆಯ ಮಕ್ಕಳು, ಆದರೆ ಇಂದು ನಾವು ಇತಿಹಾಸದಿಂದ ಸಾಕ್ಷಿ ಕೇಳುತ್ತೇವೆ. ಪುರಾಣ ಅಂದರೆ ಹಳೆಯದು. ಅದು ಕೇಳುವುದು ಸಾಕ್ಷಿಯನ್ನಲ್ಲ, ಭಕ್ತಿಯನ್ನು.

ಈಗ ನಮ್ಮ ಸೀಮೆಯ ಎರಡು ಉದಾಹರಣೆ ನೋಡೋಣ.

ಹುಲಿ ಮೇಲೆ ಬಿದ್ದಾಗ ಮುನಿ ‘ಪೊಯ್ ಸಳ’ ಎಂದ, ಅಂದರೆ ‘ಹೊಡಿ ಸಳ’. ಸಳ ಹೊಡೆದ, ಅದರಿಂದ ಹೊಯ್ಸಳ ವಂಶ ಬಂತು. ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಈ ಕಥೆ ಮೊದಲು ಕಾಣುವುದು ವಿಷ್ಣುವರ್ಧನನ ಕಾಲದ 1117ರ ಬೇಲೂರು ಶಾಸನದಲ್ಲಿ. ವಂಶ ಅದಕ್ಕೂ ಹಳೆಯದು. ಹೆಸರು ಮೊದಲಿತ್ತು, ಹೆಸರಿಗೆ ಕಾರಣ ಹೇಳುವ ಕಥೆ ಆಮೇಲೆ ಕಲ್ಲಿಗೇರಿತು. ಹಾಗಾಗಿ ಇತಿಹಾಸಕಾರರು ಇದನ್ನು ಐತಿಹ್ಯ ಅನ್ನುತ್ತಾರೆ. ಕಲ್ಲಿನ ಮೇಲೆ ಬರೆದ ಮಾತ್ರಕ್ಕೆ ಐತಿಹ್ಯ ಇತಿಹಾಸವಾಗುವುದಿಲ್ಲ. ಆದರೆ ಆ ರಾಜರು ತಮ್ಮನ್ನು ಹೇಗೆ ನೋಡಿಕೊಳ್ಳಲು ಬಯಸಿದರು ಎಂಬುದಕ್ಕೆ ಅದೇ ಸಾಕ್ಷಿ.

ಇನ್ನೊಂದು ಜಕಣಾಚಾರಿಯದು. ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಹುಡುಗನೊಬ್ಬ ಹೇಳಿದನಂತೆ. ಒಡೆದು ನೋಡಿದರೆ ಒಳಗೆ ಕಪ್ಪೆ ಇತ್ತಂತೆ. ಜಕಣಾಚಾರಿ ತನ್ನ ಬಲಗೈ ಕತ್ತರಿಸಿಕೊಂಡನಂತೆ. ಆ ಹುಡುಗ ಅವನ ಮಗ ಡಂಕಣನೇ ಅಂತೆ. ಆದರೆ ಬೇಲೂರಿನ ಶಿಲ್ಪಗಳ ಕೆಳಗಿರುವ ಸಹಿಗಳಲ್ಲಿ ಜಕಣಾಚಾರಿಯ ಹೆಸರಿಲ್ಲ. ಅಲ್ಲಿರುವುದು ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರು. ಮುಂದೆ ಅಮೃತಾಪುರ, ಸೋಮನಾಥಪುರಗಳಲ್ಲಿ ಮಲ್ಲಿತಮ್ಮನ ಹೆಸರು ಸಿಗುತ್ತದೆ. ಕಥೆಯಲ್ಲೂ ಅಪ್ಪ-ಮಗ, ಕಲ್ಲಿನಲ್ಲೂ ಅಪ್ಪ-ಮಗ. ಇಬ್ಬರೂ ಒಂದೇ ಅಂತ ನಾವು ಹೇಳುತ್ತಿಲ್ಲ. ಎಲ್ಲ ಕೆಲಸವನ್ನೂ ಜಕಣಾಚಾರಿಯ ಲೆಕ್ಕಕ್ಕೆ ಬರೆದರೆ, ಉಳಿ ಹಿಡಿದು ಸಹಿ ಹಾಕಿದವರ ಕೂಲಿಯನ್ನು ನಾವೇ ಕಿತ್ತುಕೊಂಡಂತೆ. ಹಾಗೆಂದು ಕಥೆಯನ್ನು ಸುಳ್ಳೆಂದು ಬಿಸಾಡಿದರೆ, ಒಬ್ಬ ಕಸುಬುದಾರನ ಹೆಮ್ಮೆಯನ್ನೂ ಭಯವನ್ನೂ ಊರು ಹೇಗೆ ಅರ್ಥಮಾಡಿಕೊಂಡಿತ್ತು ಎಂಬುದು ಕಳೆದುಹೋಗುತ್ತದೆ.

ಈ ಎರಡನ್ನೂ ಕಾಯಲು ನಮ್ಮ ಹಿರಿಯರ ಹತ್ತಿರ ಒಂದು ಪುಟ್ಟ ಪದವಿತ್ತು: ‘ಅಂತೆ’. ಅಜ್ಜಿ ‘ರಾಜ ಇದ್ದ’ ಅನ್ನುವುದಿಲ್ಲ, ‘ಇದ್ದನಂತೆ’ ಅನ್ನುತ್ತಾಳೆ. ನಾನು ಕಂಡಿಲ್ಲ, ಕೇಳಿದ್ದೇನೆ ಎಂದು ಆ ಒಂದು ಪದದಲ್ಲೇ ಹೇಳಿಬಿಡುತ್ತಾಳೆ. ಪತ್ರಿಕೋದ್ಯಮ ತರಗತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠವೂ ಇದೇ: ಕಂಡದ್ದು ಬೇರೆ, ಕೇಳಿದ್ದು ಬೇರೆ. ವಾಟ್ಸಾಪ್‌ನಲ್ಲಿ ಓಡಾಡುವ ‘ಇತಿಹಾಸ’ಗಳಲ್ಲಿ ಮೊದಲು ಉದುರಿಹೋಗುವುದು ಈ ‘ಅಂತೆ’ಯೇ.

ಹುಲಿಕೆರೆಯ ಕಲ್ಯಾಣಿಯನ್ನೇ ತೆಗೆದುಕೊಳ್ಳಿ. ಇಳಿಯುವ ಮೆಟ್ಟಿಲು, ಸುತ್ತ ಸಾಲಾಗಿ ಪುಟ್ಟ ಗುಡಿಗಳು, ಹೊಯ್ಸಳರ ಕಾಲದ ಕೆಲಸ. ಇಷ್ಟು ಕಣ್ಣಿಗೆ ಕಾಣುವ ಇತಿಹಾಸ. ಊರ ಹೆಸರಲ್ಲಿ ಹುಲಿಯಿದೆ, ಕೆರೆಯಿದೆ. ಇಲ್ಲಿ ಯಾವ ರಾಣಿ ಮಿಂದಳು, ಯಾವ ಹುಲಿ ನೀರು ಕುಡಿಯಿತು ಎಂದು ಯಾರಾದರೂ ಹೇಳಿದರೆ ಖುಷಿಯಿಂದ ಕೇಳಿ. ‘ಅಂತೆ’ ಸೇರಿಸಿ ಮುಂದಕ್ಕೆ ಹೇಳಿ.

ನಿಮ್ಮ ಮನೆಯಲ್ಲಿ ಕಥೆ ಹೇಳುವ ಅಜ್ಜಿಯೋ ಅಜ್ಜನೋ ಇದ್ದರೆ ಈ ವಾರವೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹೇಳಿದವರ ಹೆಸರು, ಊರು, ಅವರು ಯಾರಿಂದ ಕೇಳಿದ್ದು, ತಾರೀಖು, ಈ ನಾಲ್ಕನ್ನು ಜೊತೆಗೆ ಹೇಳಿಸಿ. ನಡುವೆ ತಿದ್ದಬೇಡಿ. ಒಂದೇ ಕಥೆಯನ್ನು ಪಕ್ಕದೂರಿನವರು ಬೇರೆ ಥರ ಹೇಳಿದರೆ ಅದನ್ನೂ ಇಟ್ಟುಕೊಳ್ಳಿ. ಕಲ್ಲು ಇನ್ನೂ ನೂರು ವರ್ಷ ನಿಲ್ಲುತ್ತದೆ. ಹೇಳುವ ಬಾಯಿ ಅಷ್ಟು ದಿನ ಕಾಯುವುದಿಲ್ಲ.